ಯಾರ ಹಂಗೂ ಇಲ್ಲದ ಫೋನು

“ಆ ದೊಡ್ಡ ಕಂಪನಿಗಳದ್ದು ಇದರಲ್ಲಿ ಏನೇನೂ ಇಲ್ಲ ರೀ,” ಎನ್ನುತ್ತ ಟೈಲರಮ್ಮ ಹೊಸ ಫೋನನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟಳು. ಕುಣಿಯುವುದೊಂದು ಬಾಕಿ. ಹೊರದೇಶದ ದೈತ್ಯರ ಹಂಗಿಲ್ಲದೆ ನಡೆಯುವ ಫೋನು ಬೇಕೆಂದು ತಿಂಗಳುಗಟ್ಟಲೆ ಜಾಲಾಡಿ ಆರಿಸಿದ್ದಳು. ಹೊಸ ಸಿಮ್ಮೂ ಬಂದಿತ್ತು.

ಎಲ್ಲಕ್ಕೂ ಕಾರಣ ಒಬ್ಬಳು ಗಿರಾಕಿ. ಅವಳ ಸೊಂಟದ ಅಳತೆಯನ್ನು ಟೈಲರಮ್ಮ ಜೋರಾಗಿ ಹೇಳಿದ್ದೇ ತಡ, ಮೇಜಿನ ಮೇಲಿದ್ದ ಹಳೆಯ ಫೋನು ತೂಕ ಇಳಿಸುವ ಪುಡಿಯ ಜಾಹೀರಾತು ತೋರಿಸಿತ್ತು. ಮುಖ ಊದಿಸಿಕೊಂಡು ಹೋದ ಆ ಗಿರಾಕಿ ಮತ್ತೆ ಇತ್ತ ತಲೆ ಹಾಕಲಿಲ್ಲ.

ಗಂಡ ಗಣಿತದ ಮೇಷ್ಟ್ರು. ಸಾಬೀತಾಗದೆ ಏನನ್ನೂ ಒಪ್ಪುವವನಲ್ಲ. ಹಳೆಯ ಫೋನನ್ನು ಜೇಬಿಗಿಳಿಸಿ, “ಇದನ್ನ ಮುಟ್ಟದೆ ಒಬ್ಬರಿಗೆ ಫೋನ್ ಮಾಡು ನೋಡೋಣ. ಆಗದಿದ್ರೆ ನಾಳೇನೇ ವಾಪಸ್,” ಎಂದ.

“ಅದೇನು ಮಹಾ,” ಎಂದು ಹೆಸರುಗಳನ್ನು ಹುಡುಕಿದರೆ ಒಂದೂ ಇಲ್ಲ. ನೆಂಟರು, ಗಿರಾಕಿಗಳು ಎಲ್ಲರೂ ಹಳೆಯ ಫೋನಿನ ಕಂಪನಿಯ ಖಾತೆಯಲ್ಲೇ ಕೂತಿದ್ದರು.

“ನನ್ನ ನಂಬರಾದ್ರೂ ಗೊತ್ತಾ?”

“ಕೊನೇಲಿ ಏಳು... ಎರಡು... ಹೋಗ್ಲಿ ಬಿಡಿ. ನಿಮಗೆ ನನ್ನ ಹಳೇ ನಂಬರು ಗೊತ್ತಾ?”

ಮೇಷ್ಟ್ರು ತನ್ನ ಫೋನಿಗೆ ಕೈ ಹಾಕಿದ.

ನಿದ್ದೆಗಣ್ಣಿನಲ್ಲೂ ಅವಳ ಬಾಯಿಗೆ ಬರುವ ನಂಬರು ಒಂದೇ. ಅಕ್ಕನ ಅಂಗಡಿಯದು. ಅಲ್ಲಿ ಕೆಲಸ ಕಲಿಯುವಾಗ, ಬಟ್ಟೆ ಕೊಟ್ಟು ಹೋಗುವವರಿಗೆಲ್ಲ ಆ ನಂಬರನ್ನು ಹೇಳಿ ಹೇಳಿ ನಾಲಿಗೆಗೆ ಅಂಟಿಹೋಗಿತ್ತು. ಒಂದು ದಿನ ಮದುಮಗಳ ಎದುರಿಗೇ, ಅಕ್ಕ ಹೊಲಿದ ರವಿಕೆಯ ತೋಳು ಸರಿಯಿಲ್ಲವೆಂದು ಇವಳು ಬಿಚ್ಚಿಹಾಕಿದ್ದಳು. ಮಾತಿಗೆ ಮಾತು ಬೆಳೆಯಿತು. ಇವಳು ಎರಡು ಬೀದಿ ಆಚೆ ಬೇರೆ ಅಂಗಡಿ ಇಟ್ಟಳು. ಅಂದಿನಿಂದ ಆರು ವರ್ಷ, ಇಬ್ಬರಿಗೂ ಮಾತಿಲ್ಲ.

‘ಫೋನು ವಾಪಸ್ ಹೋಗಬಾರದಲ್ಲ’ ಎಂದು ತನಗೆ ತಾನೇ ನೆಪ ಹೇಳಿಕೊಂಡು ಅಂಕಿಗಳನ್ನು ಒತ್ತಿದಳು. ನಿಜ ಹೇಳಬೇಕೆಂದರೆ, ಅಕ್ಕನ ದನಿ ಕೇಳುವ ಆಸೆ ಇತ್ತು. ಎಲ್ಲಿ ಇಟ್ಟುಬಿಡುತ್ತಾಳೋ ಎಂಬ ಭಯವೂ ಇತ್ತು.

“ಹಲೋ, ಯಾರು?”

“ನಾನು, ಅಕ್ಕ.”

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. “ಯಾರಿಗೆ ಏನಾಯ್ತೇ?”

“ಯಾರಿಗೂ ಏನೂ ಆಗಿಲ್ಲ. ಹೊಸ ಫೋನ್ ತಗೊಂಡೆ, ಅದಕ್ಕೇ ಮಾಡಿದೆ.”

ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು.

“ಒಂದು ಫೋನ್ ತಗೊಳ್ಳೋಕೆ ಆರು ವರ್ಷ ಬೇಕಾಯ್ತೇನೇ ನಿನಗೆ?”