ಬೆಂಚಿನ ಮೇಲಿನ ಲೋಟ

2025ರ ನವೆಂಬರ್ 18, ಬೆಳಿಗ್ಗೆ 6:10. ವಿಮಾನ ನಿಲ್ದಾಣದ ಲೌಂಜ್ ಮುಚ್ಚಿದ್ದರಿಂದ, ತಿಪಟೂರಿನ ತೆಂಗಿನ ನಾರಿನ ಪುಡಿ ವ್ಯಾಪಾರಿ ಗಂಗಾಧರ ಗೇಟಿನ ಬೆಂಚಿನ ಮೇಲೆಯೇ ಮಾದರಿ ಪುಡಿಯನ್ನು ಲೋಟದಲ್ಲಿ ನೆನೆಸಿ, ಉಪ್ಪಿನಂಶದ ಮೀಟರ್ ಅದ್ದಿದ.

"ಜೇಬಲ್ಲಿ ಲೌಂಜಿಗೆ ಬಿಡೋ ಮೂರು ಕಾರ್ಡು, ಕುಂತಿರೋದು ಬಸ್‌ಸ್ಟ್ಯಾಂಡಲ್ಲಿದ್ದಂಗೆ!" ಪಾಲುದಾರ ಗೌಸ್ ಪೀರ್ ಗೊಣಗಿದ. ಪ್ರತಿ ಪ್ರವಾಸದಲ್ಲೂ ಅವರು ಲೌಂಜಿನ ಮರೆಯಲ್ಲಿ ಪರೀಕ್ಷಿಸಿ, ಉಪ್ಪು ಹೆಚ್ಚಿದ್ದನ್ನು ಸಿಂಕಿಗೆ ಚೆಲ್ಲಿ, ಒಳ್ಳೆಯದನ್ನಷ್ಟೇ ಗಿರಾಕಿಗೆ ತೋರಿಸುತ್ತಿದ್ದರು. ಇಂದು ಅದೇ ವಿಮಾನಕ್ಕೆ ಬಂದಿದ್ದ ಗಿರಾಕಿ, ನರ್ಸರಿಯ ಮಧುಶ್ರೀ, ಪಕ್ಕದಲ್ಲೇ ಕೂತರು.

"ಎಷ್ಟು ತೋರಿಸ್ತೈತೆ ಗಂಗಾಧರಣ್ಣ? ಪಾಯಿಂಟ್ ಐದು ದಾಟಿದ್ರೆ ನನ್ನ ಸಸಿ ಉಳಿಯಲ್ಲ ಕಣ್ರೀ."

"ಮೀಟರ್ ಕೆಟ್ಟೈತೆ ಅಂದ್ಬಿಡು," ಗೌಸ್ ಪೀರ್ ಪಿಸುಗುಟ್ಟಿದ.

ಇಡೀ ವರ್ಷದ ಆರ್ಡರ್ ಮಧುಶ್ರೀಯವರ ಕೈಯಲ್ಲಿತ್ತು. ಗಂಗಾಧರ ಮೀಟರನ್ನು ನಿಧಾನವಾಗಿ ಅವರ ಕಡೆ ತಿರುಗಿಸಿದ. ಉಪ್ಪಿನಂಶ 1.3.