ತಾಯೋನ ಅಮ್ಮನ ಹೆಸರೇನು?

ನಸುಕಿನಲ್ಲಿ ಇಬಾದಾನ್ ನಗರದ ಏರುದಾರಿಯ ನಡುವೆ ಲಾದಿಪೋ ಗಕ್ಕನೆ ನಿಂತುಬಿಟ್ಟ. ಈಗಷ್ಟೇ ಕೈಬೀಸಿ ಹೋದ ನೆರೆಮನೆಯಾಕೆಯ ಹೆಸರು ಹೊಳೆಯುತ್ತಿಲ್ಲ. ಅಪ್ಪನ ಅಲ್ಝೈಮರ್ ಶುರುವಾದದ್ದೂ ಹೀಗೆಯೇ. ಅದರ ಅಪಾಯ ತನ್ನ ರಕ್ತದಲ್ಲೂ ಇದೆಯೆಂದು ತಿಳಿದಂದಿನಿಂದ ಅವನು ಸಿಗರೇಟು, ಬಿಯರ್ ಬಿಟ್ಟು ದಿನವೂ ಹೆಂಡತಿಯೊಡನೆ ಈ ಗುಡ್ಡ ಹತ್ತುತ್ತಿದ್ದ. “ಈಗ ಹೋದಳಲ್ಲ, ಅವಳ ಹೆಸರೇನು?” ಎಂದು ಕೇಳಿದ.

“ತಾಯೋನ ಅಮ್ಮ ಅಲ್ವೇನ್ರೀ ಅವಳು?” ಎಂದಳು ಹೆಂಡತಿ.

“ಅದು ಗೊತ್ತು ಕಣೇ. ಅವಳ ಸ್ವಂತ ಹೆಸರು?”

ಅವಳು ಬಿದ್ದು ಬಿದ್ದು ನಕ್ಕಳು. “ಅದು ನಮ್ಮ ಬೀದೀಲಿ ಯಾರಿಗೆ ಗೊತ್ತು? ಹೆತ್ತ ಮೇಲೆ ನಮಗೆಲ್ಲ ಮಕ್ಕಳ ಹೆಸರೇ ಹೆಸರು. ಬೋಲಾ ಹುಟ್ಟಿದಾಗಿನಿಂದ ನಾನೂ ನಿಮಗೆ ಬೋಲಾಳ ಅಮ್ಮನೇ. ನನ್ನ ಹೆಸರಾದ್ರೂ ನೆನಪಿದೆಯಾ?”

“ಅಬೇಕೆ,” ಎಂದ ಲಾದಿಪೋ, ಏದುಸಿರಿನಲ್ಲೇ.

ಎಷ್ಟೋ ವರ್ಷಗಳ ಮೇಲೆ ಅವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳ ನಗು ನಿಂತಿತು. ತಲೆವಸ್ತ್ರವನ್ನು ಸುಮ್ಮನೆ ಸರಿಪಡಿಸಿಕೊಂಡಳು.

“ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ.”