ಕಂಬದ ಕಡೆಯ ಅರ್ಧ

ಅಕ್ಕ ಬರುವಷ್ಟರಲ್ಲಿ ಬಡಗಿ ಬೆಂಚಿನ ನಟ್ಟನಡುವೆ ಗೆರೆ ಎಳೆದಿದ್ದ. ಹನ್ನೆರಡು ಅಡಿಯ ಬೆಂಚು. ಅಕ್ಕನ ಮನೆಯ ಮೆಟ್ಟಿಲಲ್ಲಿ ತಿರುಗದು, ತಂಗಿಯ ಕೋಣೆಯಲ್ಲಿ ಹಿಡಿಸದು. ಚರ್ಚು ಮುಚ್ಚಿತ್ತು; ಯಾವ ಬೆಂಚಿನಲ್ಲಿ ಯಾವ ಮನೆಯವರು ಕೂರುತ್ತಿದ್ದರೋ ಅದು ಅವರಿಗೇ ಎಂದು ಚರ್ಚಿನವರು ಹೇಳಿದ್ದರು. ಈ ಮನೆತನದಲ್ಲಿ ಉಳಿದವರು ಇಬ್ಬರೇ, ಆ ಇಬ್ಬರಿಗೂ ಮಾತಿಲ್ಲ.

ಅಕ್ಕ ತಲೆಯೆತ್ತಿ ನೋಡಿದಳು. ಕಲ್ಲಿನ ಕಮಾನುಗಳು ಎರಡೂ ಕಡೆಯಿಂದ ಏರಿ ಕೂಡುವಲ್ಲಿಂದ ಹಗ್ಗಗಳು ಇಳಿಬಿದ್ದಿದ್ದವು. ಕಂಬಗಳ ಮೈತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಕೆಗಳು. ಮುಂದಿನ ವಾರದಿಂದ ಇದು ಗೋಡೆ ಹತ್ತುವ ಆಟದ ಮನೆ. ಅಜ್ಜನ ಕಾಲದ ಯುದ್ಧದಲ್ಲಿ ಇಲ್ಲಿ ಗಾಯಾಳುಗಳನ್ನು ಮಲಗಿಸಿದ್ದರಂತೆ, ಆಮೇಲೆ ಧಾನ್ಯ ತುಂಬಿದ್ದರಂತೆ. ಆಗೆಲ್ಲ ಹೊರಗೆ ಹೋದ ಬೆಂಚುಗಳು ಮರಳಿ ಬಂದಿದ್ದವು.

"ದೇವರ ಹತ್ತಿರ ಹೋಗೋಕೆ ಇನ್ಮೇಲೆ ಸೊಂಟಕ್ಕೆ ಹಗ್ಗ ಕಟ್ಕೋಬೇಕು, ಅಮ್ಮ," ಎಂದ ಬಡಗಿ. ಅವಳು ನಗಲಿಲ್ಲ.

ತಾಯಿಯನ್ನು ಮಣ್ಣು ಮಾಡಿದ ದಿನ, ತಡವಾಗಿ ಬಂದ ತಂಗಿಗೆ, ಈಗ ಬಿಡುವಾಯಿತೇ ಎಂದಿದ್ದಳು. ಅಷ್ಟೇ. ಅಂದಿನಿಂದ ಹದಿನೆಂಟು ವರ್ಷ, ಅಕ್ಕ ಕಂಬದ ಕಡೆಯ ತುದಿಗೆ, ತಂಗಿ ನಡುದಾರಿಯ ತುದಿಗೆ. ಬೆಂಚು ಬಿಟ್ಟುಕೊಡಲು ಇಬ್ಬರೂ ಒಪ್ಪಲಿಲ್ಲ; ನಡುವೆ, ತಾಯಿಯ ಜಾಗದಲ್ಲಿ, ಕೂರುವ ಎದೆಗಾರಿಕೆ ಇನ್ಯಾರಿಗೂ ಇರಲಿಲ್ಲ. ಹಾಗಿದ್ದರೂ ವಾರಕ್ಕೊಂದು ಗಂಟೆ ತಂಗಿಯ ಕೆಮ್ಮು ಕಿವಿಗೆ ಬೀಳುತ್ತಿತ್ತು. ಈ ಚಳಿಗಾಲಕ್ಕೆ ಅದು ಹೆಚ್ಚಿತೋ ತಗ್ಗಿತೋ ತಿಳಿಯುತ್ತಿತ್ತು. ಮಾತು ಬಿಟ್ಟವರಿಗೂ ಒಂದು ಜಾಗ ಬೇಕಲ್ಲ.

ಕಂಬದ ಕಡೆಯದು ತನಗೆ ಎಂದಳು.

ಬಡಗಿ ತಲೆ ಕೆರೆದುಕೊಂಡ. "ಅದನ್ನ ನಿಮ್ಮ ತಂಗಿ ಕೇಳಿದಾರಲ್ಲಮ್ಮ. ಬೆಳಿಗ್ಗೇನೇ ಬಂದಿದ್ರು."

"ಅದು ನಾನು ಕೂರೋ ಜಾಗ. ಅವಳಿಗೆ ಗೊತ್ತಿಲ್ವಾ?"

"ನಾನೂ ಅದೇ ಹೇಳ್ದೆ. ಗೊತ್ತು, ಅದಕ್ಕೇ ಕೇಳ್ತಿರೋದು ಅಂದ್ರು."

ಅವಳು ಬೆಂಚಿನ ಮೇಲೆ ಅಂಗೈ ಊರಿದಳು. ಆಮೇಲೆ, "ಕೊಡು," ಎಂದಳು. "ಅವಳದು ನನಗಿರಲಿ."

ಸಂಜೆ ಅರ್ಧ ಬೆಂಚು ಮನೆಗೆ ಬಂತು. ಗೋಡೆಗೆ ತಾಗಿಸಿ ಇಡಿಸಿ, ಒದ್ದೆ ಬಟ್ಟೆಯಿಂದ ಒರೆಸಿದಳು. ಅದರ ಮೇಲೆ ಕೂರಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಏನೋ ಹೇಳಲು ಬಾಯಿ ತೆರೆದವಳು, ಎದ್ದು ಹೋಗಿ, ಬೀದಿಗೆ ಕೇಳಿಸದಂತೆ ಕಿಟಕಿ ಮುಚ್ಚಿ ಬಂದಳು.